ಬುತ್ತಿ ಕಟ್ಟಿಸಿಕೊಂಡು ಬಂದವಳು

ಕಪ್ಪತದ ಗಾಳಿಗಂಬಗಳು,
ಹದಿಮೂರನೆಯ ತಿಂಗಳು, ಎರಡನೆಯ ಅಮಾವಾಸ್ಯೆಯ ಮರುದಿನ,
ಮರುನೀರಿನ ನಾನೂರ ಏಳನೆಯ ವರ್ಷ

ಹಾಡುಗಾರ್ತಿ ಸಾವಂತ್ರೆವ್ವ ಬೆಳವಟಗಿ ಅವರಿಗೆ,

ಮೇಲಿನ ತಾರೀಖು ನೋಡಿ ಯಾರೋ ಚೇಷ್ಟೆ ಮಾಡಿದ್ದಾರೆ ಎಂದುಕೊಳ್ಳಬೇಡಿ. ನಿಮ್ಮ ಕ್ಯಾಲೆಂಡರಿನಲ್ಲಿ ಇಂಥ ದಿನವಿಲ್ಲವೆಂದು ನನಗೂ ಗೊತ್ತು. ಬತ್ತಿಹೋಗಿದ್ದ ಹೊಳೆಗಳಲ್ಲಿ ಮತ್ತೆ ನೀರು ಹರಿದ ವರ್ಷವನ್ನು ನಾವು ಮರುನೀರು ಎನ್ನುತ್ತೇವೆ, ಅಲ್ಲಿಂದ ಎಣಿಸುತ್ತೇವೆ. ನನ್ನ ಕನ್ನಡಕ್ಕೂ ಈಗಲೇ ಕ್ಷಮೆ ಕೇಳಿಬಿಡುತ್ತೇನೆ. ಇದು ನಾನು ಮನೆಯಲ್ಲಿ ಆಡುವ ಭಾಷೆಯಲ್ಲ. ಅರ್ಧ ನಿಮ್ಮ ಕಾಲದ ಪುಸ್ತಕಗಳಿಂದ, ಇನ್ನರ್ಧ ನಿಮ್ಮ ಹಾಡುಗಳಿಂದ ಕಲಿತದ್ದು. ಒಂದು ಸಾಲು ಸರ್ಕಾರಕ್ಕೆ ಬರೆದ ಅರ್ಜಿಯ ಹಾಗೆ, ಮುಂದಿನದು ಸಂತೆಯಲ್ಲಿ ನಿಂತವಳ ಮಾತಿನ ಹಾಗೆ ಕೇಳಿಸಿದರೆ ನಕ್ಕುಬಿಡಿ. ನಿಮ್ಮನ್ನು ಏನೆಂದು ಕರೆಯಬೇಕೆಂಬುದೇ ಬಹಳ ದಿನ ಯೋಚನೆಯಾಗಿತ್ತು. ನಿಮ್ಮ ಜೊತೆ ದಮ್ಮಡಿ ಬಾರಿಸುವ ಫಕೀರಪ್ಪ ನಿಮ್ಮನ್ನು ‘ಅಕ್ಕಾರ’ ಎನ್ನುತ್ತಾನೆ. ನಾನೂ ಹಾಗೇ ಕರೆಯುತ್ತೇನೆ.

ನನ್ನ ಹೆಸರು ಹುಲಿಗಿ, ಆರನೆಯ ಕಂಬದವಳು. ನಿಮ್ಮ ಕಾಲದಲ್ಲಿ ಕಪ್ಪತಗುಡ್ಡದ ಸಾಲಿನಲ್ಲಿ ಕರೆಂಟು ಮಾಡಲು ದೊಡ್ಡ ದೊಡ್ಡ ಗಾಳಿಯಂತ್ರಗಳನ್ನು ನಿಲ್ಲಿಸಿದ್ದರಂತಲ್ಲ, ಅವುಗಳ ರೆಕ್ಕೆ ಬಿದ್ದುಹೋಗಿ ಎಷ್ಟೋ ಕಾಲವಾಯಿತು. ಟೊಳ್ಳಾದ ಕಂಬಗಳು ಮಾತ್ರ ಗಟ್ಟಿಯಾಗಿ ನಿಂತಿವೆ. ನಾವು ಅವುಗಳೊಳಗೆ ಅಟ್ಟದ ಮೇಲೆ ಅಟ್ಟ ಕಟ್ಟಿಕೊಂಡು ವಾಸವಾಗಿದ್ದೇವೆ. ಕೆಳಗಿನ ಅಟ್ಟದಲ್ಲಿ ನೀರು, ಅದರ ಮೇಲೆ ಒಲೆ, ಅದರ ಮೇಲೆ ನಾವು, ತುದಿಯಲ್ಲಿ ಪಾರಿವಾಳ. ಗಾಳಿ ಎದ್ದಾಗ ಕಂಬ ಒಳಗಿನಿಂದಲೇ ಗುಂಯ್ ಎನ್ನುತ್ತದೆ. ಆ ಹೊತ್ತಿಗೆ ಯಾರೂ ಜಗಳ ಆಡುವುದಿಲ್ಲ, ಆಡಿದರೂ ಯಾರಿಗೂ ಕೇಳಿಸುವುದಿಲ್ಲ.

ನನ್ನ ಕೆಲಸ ಆಲಿಸುವುದು. ಹಳೆಯ ಕಾಲದ ದನಿಗಳನ್ನು ಕೇಳಿ, ಅದರಲ್ಲಿ ಏನಿದೆಯೆಂದು ಊರಿಗೆ ತಿಳಿಸಿ ಹೇಳುವವರನ್ನು ಇಲ್ಲಿ ಆಲಿಗರು ಎನ್ನುತ್ತಾರೆ. ನನ್ನ ತಾಯಿಯೂ ಆಲಿಗಿತ್ತಿಯೇ. ತಾನು ಅತಿ ಹೆಚ್ಚು ಕೇಳಿದ ದನಿಗೆ ಪ್ರತಿಯೊಬ್ಬ ಆಲಿಗನೂ ಬದುಕಿನಲ್ಲಿ ಒಮ್ಮೆ ಒಂದು ಪತ್ರ ಬರೆದು ಗುಡ್ಡದ ಮೇಲಿನ ಒಣ ಹೊಂಡದಲ್ಲಿ ಇಟ್ಟು ಬರಬೇಕು. ಉತ್ತರ ಬಂದದ್ದು ಯಾರಿಗೂ ನೆನಪಿಲ್ಲ. ಆದರೂ ಬರೆಯುತ್ತೇವೆ.

ಅಕ್ಕಾರ, ನಿಮ್ಮ ‘ಖಿಡಕಿ ಸೀಟು’ ಆಲ್ಬಂ ನಮ್ಮಲ್ಲಿ ಹುಟ್ಟಿದ ಕೂಸಿಗೂ ಗೊತ್ತು. ನಿಮ್ಮ ಊರ ಕಡೆಯ ದನಿಯಲ್ಲಿ ಪೂರ್ತಿಯಾಗಿ ಉಳಿದು ಬಂದದ್ದು ಅದೊಂದೇ. ಒಬ್ಬ ಹೆಂಗಸು, ಒಂದು ಗಿಟಾರು, ಅದರ ಒಂದು ತಂತಿ ಸದಾ ಗುರ್ ಎನ್ನುತ್ತಿರುತ್ತದೆ, ಪಕ್ಕದಲ್ಲಿ ದಮ್ಮಡಿ. ಬಸ್ಸು, ಎರೆಹೊಲ, ಮೊಬೈಲಿಗೆ ರೇಂಜ್ ಸಿಗದ ಊರು, ಮಾತು ಬಿಟ್ಟ ಗೆಳತಿ, ಇವೇ ವಿಷಯ. ಎಲ್ಲವನ್ನೂ ನೀವೇ ಬರೆದಿರಂತೆ. ದೊಡ್ಡ ದೊಡ್ಡ ಮಾತೊಂದೂ ಇಲ್ಲ. ಆದರೆ ನೀವು ಸಾಲಿನ ಕೊನೆಯಲ್ಲಿ ದನಿಯನ್ನು ಸ್ವಲ್ಪ ಕೆಳಗೆ ಬಿಡುತ್ತೀರಲ್ಲ, ಕೇಳುವವರು ತಾವೇ ಬಗ್ಗಿ ಅದನ್ನು ಹಿಡಿಯಬೇಕು. ಅಲ್ಲಿಗೆ ನಾವು ನಿಮ್ಮವರಾಗಿಬಿಡುತ್ತೇವೆ.

ಕೇಳಬೇಕಾದ ಪ್ರಶ್ನೆಗಳು ಬೇಕಾದಷ್ಟಿವೆ. ಮೊದಲನೆಯ ಹಾಡನ್ನೇ ತೆಗೆದುಕೊಳ್ಳಿ:

ಟಾವೆಲ್ ಒಗದು ಹಿಡದಿದ್ದೆ ಖಿಡಕಿ ಕಡೀ ಸೀಟ,
ತಿರಗಿ ನೋಡೂದ್ರಾಗ ಕುಂತಿತ್ತು ಯಾರದೋ ಗಂಟ.

ಬಸ್ಸು ನಿಲ್ಲುವ ಮೊದಲೇ ಕಿಟಕಿಯಿಂದ ಟವೆಲು ಎಸೆದರೆ ಆ ಸೀಟು ಎಸೆದವರದಾಗುತ್ತಿತ್ತು ಎಂದು ನಮ್ಮ ಆಲಿಗರ ತೀರ್ಮಾನ. ಇದು ನಿಜವೇ? ಕಾವಲಿಲ್ಲದೆ, ಸಾಕ್ಷಿಯಿಲ್ಲದೆ, ಒಂದು ಬಟ್ಟೆಯ ತುಂಡಿನ ಮಾತಿಗೆ ಬಸ್ಸಿನ ತುಂಬ ಜನ ಮರ್ಯಾದೆ ಕೊಡುತ್ತಿದ್ದರೇ? ನನಗೆ ನಿಮ್ಮ ಕಾಲದ ಬಗ್ಗೆ ಅತ್ಯಂತ ಹೊಟ್ಟೆಕಿಚ್ಚು ತರಿಸಿದ ಸಂಗತಿ ಅದೇ. ಆಮೇಲೆ ಗೊತ್ತಾಯಿತು, ಹಾಡು ಸೀಟಿನದಲ್ಲ, ನೀವು ಟವೆಲು ಹಾಕಿ ಬಿಟ್ಟುಬಂದ ಯಾವುದೋ ಗಂಡಸಿನ ಎದೆಯದು ಎಂದು. ಆ ಗಂಟಿನ ಒಡತಿ ಯಾರು ಎಂದು ನಮ್ಮ ಕಂಬದಲ್ಲಿ ಈಗಲೂ ಚರ್ಚೆಯಾಗುತ್ತದೆ.

ಇನ್ನೊಂದು ಹಾಡಿನಲ್ಲಿ ನೀವು ಮೂಲೆಯಲ್ಲಿ ಕುಳಿತು ಅಳುತ್ತೀರಿ. ನಮ್ಮ ಮನೆಗಳೆಲ್ಲ ದುಂಡಗಿವೆ, ಮೂಲೆಯೆಂಬುದೇ ಇಲ್ಲ. ಅದು ಅಳುವುದಕ್ಕೆಂದು ಕಟ್ಟಿಸಿಕೊಳ್ಳುತ್ತಿದ್ದ ಸಣ್ಣ ಕೋಣೆಯಿರಬೇಕು ಎಂದು ನನ್ನ ಗುರುಗಳು ಪಾಠ ಹೇಳುತ್ತಿದ್ದರು. ನಾನು ಒಮ್ಮೆ ಹಳೆಯ ಊರಿನ ಅವಶೇಷದಲ್ಲಿ ಎರಡು ಗೋಡೆ ಕೂಡುವಲ್ಲಿ ಕುಳಿತು ನೋಡಿದೆ. ಬೆನ್ನಿಗೂ ಆಸರೆ, ಭುಜಕ್ಕೂ ಆಸರೆ, ಬಹಳ ಹಿತವಾಗಿತ್ತು. ಅಳು ಮಾತ್ರ ಬರಲಿಲ್ಲ.

ನಗಬೇಡಿ, ಇನ್ನೂ ಇದೆ. ನಿಮ್ಮ ಎಲ್ಲ ಹಾಡುಗಳ ಹಿಂದೆಯೂ ಒಂದೇ ಸಮನೆ ಪಟ ಪಟ ಎಂದು ಬಡಿಯುವ ಸದ್ದಿದೆ. ಯಾವ ಹಾಡಿಗೂ ತಾಳ ಕೂಡುವುದಿಲ್ಲ, ಆದರೂ ನಿಲ್ಲುವುದಿಲ್ಲ. ಅದೊಂದು ಕಠಿಣವಾದ ವಾದ್ಯವೆಂದು ತಿಳಿದು ನಮ್ಮ ಹಿರಿಯರು ಚರ್ಮದ ಪಟ್ಟಿ, ಎರಡು ಗಾಲಿ ಸೇರಿಸಿ ಅದನ್ನು ಕಟ್ಟಿಯೇಬಿಟ್ಟರು. ನಿಮ್ಮದೊಂದು ಹಾಡಿನ ಮಧ್ಯೆ ‘ಗಿರಣಿ’ ಎಂಬ ಮಾತು ಕೇಳಿದ್ದರಿಂದ ಹೆಸರೂ ಅದೇ ಆಯಿತು. ಇವತ್ತು ನಮ್ಮ ಗೋಷ್ಠಿಗಳಲ್ಲಿ ಗಿರಣಿ ವಾದಕರಿಗೆ ಮುಂದಿನ ಸಾಲಿನ ಆಸನ. ಹಾಡಿಗೆ ತಾಳ ಕೂಡದಂತೆ ಬಾರಿಸುವುದನ್ನು ಕಲಿಯಲು ಅವರಿಗೆ ವರ್ಷಗಟ್ಟಲೆ ಬೇಕಾಗುತ್ತದೆ.

ಈಗ ಆಲ್ಬಮಿನ ಕೊನೆಯ ಹಾಡಿಗೆ ಬರುತ್ತೇನೆ. ಈ ಪತ್ರ ಬರೆಯಲು ಕಾರಣವೂ ಅದೇ.

ದೀಪ ಸಣ್ಣ ಮಾಡವ್ವ, ಕದಾ ಮುಂದ ಮಾಡವ್ವ,
ಬುತ್ತಿ ಕಟ್ಟಿದ್ದು ಸಾಕ, ಬರ್ತೀನಿ.
ನಾಯಿಗೆ ಬೈಬ್ಯಾಡ, ಹೊಸ್ತಿಲಾ ದಾಟಬ್ಯಾಡ,
ನೀ ಅಲ್ಲೇ ನಿಲ್ಲು, ನಾ ಬರ್ತೀನಿ.

ಇದು ನಮ್ಮೂರಿನ ಸ್ವಾಗತದ ಹಾಡು. ಹೊರಗಿನಿಂದ ಯಾರೇ ಬರಲಿ, ಬಾಗಿಲಿನಲ್ಲಿ ಇದನ್ನು ಹಾಕುತ್ತೇವೆ. ಬರುತ್ತೇನೆ, ಬರುತ್ತೇನೆ ಎಂದು ಒಬ್ಬಳು ಇಷ್ಟು ಮೆತ್ತಗೆ ಹೇಳುತ್ತಿರುವಾಗ ಬೇರೆ ಹಾಡು ಯಾಕೆ ಬೇಕು? ಹಾಡಿನಲ್ಲಿ ಹೇಳಿದಂತೆ ಎಲ್ಲವನ್ನೂ ಮಾಡುತ್ತೇವೆ. ದೀಪಗಳನ್ನು ಸಣ್ಣದು ಮಾಡುತ್ತೇವೆ. ಕದವನ್ನು ಮುಂದೆ ಮಾಡಬೇಕಲ್ಲ, ಅದಕ್ಕೆಂದು ನಮ್ಮ ಊರಬಾಗಿಲಿಗೆ ಗಾಲಿ ಹಾಕಿಸಿದ್ದಾರೆ. ಬಂದವರ ಮುಖದ ಹತ್ತಿರಕ್ಕೆ ಅದನ್ನು ತಳ್ಳಿಕೊಂಡು ಹೋಗುತ್ತಾರೆ. ಬುತ್ತಿಯ ವಿಷಯ ಇನ್ನೂ ಮಜವಾಗಿದೆ. ಅತಿಥಿಯಾದವಳು ತಾನೇ ಬುತ್ತಿ ಕಟ್ಟಿಸಿಕೊಂಡು ಬರುತ್ತಾಳೆ ಎಂದು ಅರ್ಥ ಮಾಡಿಕೊಂಡು, ಹಸಿದು ಸುಸ್ತಾಗಿ ಬಂದವರ ಕೈಗೂ ನಾವೇ ಒಂದು ಖಾಲಿ ಗಂಟು ಕೊಟ್ಟು ಒಳಗೆ ಕರೆಯುತ್ತೇವೆ. ಬಂದವರು ಗಂಟು ಬಿಚ್ಚಿ ನೋಡಿ ಪೆಚ್ಚಾಗುವುದನ್ನು ನಾನು ಚಿಕ್ಕಂದಿನಿಂದ ನೋಡಿದ್ದೇನೆ.

ನಮ್ಮ ಭಾಷೆಯ ಬಗ್ಗೆ ಇಲ್ಲಿ ಒಂದು ಮಾತು ಹೇಳಲೇಬೇಕು. ನಾವು ಆಡುವುದು ನೇರನುಡಿ. ನೀರಿಲ್ಲದ ಕಾಲದಲ್ಲಿ ಬೇರೆ ಬೇರೆ ಮಾತಿನವರು ಒಟ್ಟಿಗೆ ಅಲೆದಾಗ ತಪ್ಪು ತಿಳಿವಳಿಕೆಯಿಂದ ಜನ ಸತ್ತರು. ಬರುತ್ತೇನೆ ಎಂದವರಿಗಾಗಿ ಒಂದಿಡೀ ತಂಡ ಕಾದು ಕುಳಿತು, ಇದ್ದ ನೀರೂ ತೀರಿ, ಅಲ್ಲೇ ಮುಗಿದುಹೋಯಿತಂತೆ. ಅಂದಿನಿಂದ ಒಂದು ಮಾತಿಗೆ ಒಂದೇ ಅರ್ಥ ಎಂದು ಕಟ್ಟು ಮಾಡಿದರು. ಊರಬಾಗಿಲಿನಲ್ಲಿ ಆಡಿದ ಮಾತಿಗಂತೂ ಇನ್ನೂ ಬಿಗಿ. ಹೊರಡುವವರು ‘ಹೋದೆ’ ಎನ್ನಬೇಕು. ಉಳಿದವರು ‘ಕೇಳಿದೆ’ ಎನ್ನಬೇಕು. ಬಾಗಿಲಿನಲ್ಲಿ ನಿಂತು ‘ಬರುತ್ತೇನೆ’ ಎಂದರೆ ಅದು ಆಣೆ. ಆಣೆಯಿಟ್ಟು ಬಾರದವರ ಹೆಸರನ್ನು, ಊರಿನವರೆಲ್ಲರ ಹೆಸರು ಕೆತ್ತಿರುವ ಬಾಗಿಲ ಕಲ್ಲಿನಿಂದ ಕೆರೆದು ತೆಗೆಯುತ್ತಾರೆ.

ನನ್ನ ತಾಯಿ ಹೊಳೆವ್ವನ ಹೆಸರನ್ನು ಹಾಗೆ ಕೆರೆದು ತೆಗೆದರು.

ಮಲಪ್ರಭೆಯ ದಂಡೆಯ ಮುಳುಗಿದ ಮನೆಗಳಲ್ಲಿ ಹಳೆಯ ದನಿಗಳು ಸಿಕ್ಕಾವು ಎಂದು ಹುಡುಕಿಕೊಂಡು ಅವಳು ಉಪ್ಪು ತರಲು ಹೋಗುವ ಉಪ್ಪಿನ ತಂಡದ ಜೊತೆ ಹೊರಟಳು. ನಾನು ಆಗ ಸಣ್ಣವಳು, ಅತ್ತೆಯ ಸೊಂಟದ ಮೇಲಿದ್ದೆ. ಎಲ್ಲರೂ ಸಾಲಾಗಿ ‘ಹೋದೆ, ಹೋದೆ’ ಎಂದು ದಾಟಿದರು. ಅವಳ ಸರದಿ ಬಂದಾಗ ನನ್ನ ಕಡೆ ತಿರುಗಿ, ನಿಮ್ಮದೇ ಧಾಟಿಯಲ್ಲಿ, ಕೊನೆಯಲ್ಲಿ ದನಿ ಇಳಿಸಿ, “ಬರ್ತೀನಿ” ಎಂದಳು. ಬಾಗಿಲು ಕಾಯುವ ತಿಪ್ಪಣಯ್ಯ, ಆಗಿನ್ನೂ ಅವನ ಗಡ್ಡ ಕಪ್ಪಗಿತ್ತು, ಕೇಳಿಸಿಕೊಂಡು ಕಲ್ಲಿನ ಮೇಲೆ ಗುರುತು ಹಾಕಿದ. ತಂಡ ತಿರುಗಿ ಬಂತು. ಅವಳು ಬರಲಿಲ್ಲ. ಹೊಳೆಯ ಆಚೆ ದಂಡೆಗೆ ಹೋದವಳು ಅಲ್ಲೇ ಎಲ್ಲೋ ಕಾಣದಾದಳು ಎಂದರು.

ಆಮೇಲೆ ನಮ್ಮದು ‘ಬಾರದವಳ ಮನೆ’ ಆಯಿತು. ಜನ ಕೆಟ್ಟವರೆಂದಲ್ಲ. ಗುರುತು ಹೇಳುವಾಗ ಹಾಗೆ ಹೇಳುತ್ತಿದ್ದರು, ಅಷ್ಟೆ. ಆದರೆ ಬಾಗಿಲಿನಲ್ಲಿ ನಿಮ್ಮ ಹಾಡು ಕೇಳಿದಾಗಲೆಲ್ಲ ನಾನು ಓಡುತ್ತಿದ್ದೆ, ಅಕ್ಕಾರ. ಗಾಲಿಯ ಕದದ ಪಕ್ಕದಲ್ಲಿ ನುಗ್ಗಿ ಬಂದವರ ಮುಖ ನೋಡುತ್ತಿದ್ದೆ. ಅವಳಲ್ಲ, ಅವಳಲ್ಲ, ಇವಳೂ ಅಲ್ಲ. ನನಗೆ ಅವಳ ಮೇಲೆ ಬಹಳ ಸಿಟ್ಟಿತ್ತು. ಸತ್ತದ್ದಕ್ಕಲ್ಲ, ಮಾತು ಕೊಟ್ಟದ್ದಕ್ಕೆ. ‘ಹೋದೆ’ ಎಂದಿದ್ದರೆ ನಾನು ಅತ್ತು ಸುಮ್ಮನಾಗುತ್ತಿದ್ದೆ. ಎಲ್ಲ ಗೊತ್ತಿದ್ದ ಆಲಿಗಿತ್ತಿ, ತನ್ನ ಮಗಳಿಗೇ ಯಾಕೆ ಸುಳ್ಳು ಹೇಳಿದಳು ಎಂಬ ಪ್ರಶ್ನೆಯನ್ನು ಇಟ್ಟುಕೊಂಡೇ ನಾನು ಆಲಿಗಿತ್ತಿಯಾದೆ.

ಕಳೆದ ಗಾಳಿಕಾಲದಲ್ಲಿ ಉಪ್ಪಿನ ತಂಡದವರು ಅಂಗೈಯಗಲದ ಒಂದು ಗಾಜಿನ ಹಲಗೆ ತಂದುಕೊಟ್ಟರು. ನೀವು ಮೊಬೈಲು ಎನ್ನುವುದು. ಯಾರದೋ ಮನೆಯ ಟ್ರಂಕಿನಲ್ಲಿ ಎಣ್ಣೆಬಟ್ಟೆ ಸುತ್ತಿಟ್ಟಿತ್ತಂತೆ. ನಮ್ಮ ಯಂತ್ರದವರು ಅದಕ್ಕೆ ಜೀವ ಕೊಟ್ಟಾಗ ಅದರೊಳಗೆ ನಿಮ್ಮದೇ ಆಲ್ಬಂ ಇತ್ತು. ನನಗೆ ನಿರಾಸೆಯಾಯಿತು, ಇದ್ದದ್ದೇ ಮತ್ತೆ ಬಂತಲ್ಲ ಎಂದು. ಆದರೂ ಹಾಕಿದೆ. ಹಾಡು ಅವೇ, ಆದರೆ ಹಾಡು ಮತ್ತು ಹಾಡಿನ ನಡುವೆ ನೀವೆಲ್ಲ ಮಾತಾಡುತ್ತಿದ್ದಿರಿ! ನಮಗೆ ಬಂದ ಪ್ರತಿಯಲ್ಲಿ ಆ ಮಾತುಗಳನ್ನು ಯಾರೋ ಕತ್ತರಿಸಿ ಚೊಕ್ಕ ಮಾಡಿದ್ದರು. ಇದು ಕತ್ತರಿಸುವ ಮುಂಚಿನದು. ನಾನು ಕೈಯಲ್ಲಿದ್ದ ಅಂಬಲಿ ಕೆಳಗಿಟ್ಟು ಕುಳಿತುಬಿಟ್ಟೆ.

ನೀವು ಹೇಳುತ್ತೀರಿ, “ಕಾಶವ್ವಾ, ಒಂದ್ ಹಾಡ ಮುಗಿಯೂತನಾ ಗಿರಣಿ ಬಂದ್ ಮಾಡಬೇ.”

ದೂರದಿಂದ ಒಬ್ಬ ಮುದುಕಿಯ ಗಂಟಲು, “ಜ್ವಾಳ ನಡಬರಕ ಅದಾವ ಸಾವಂತ್ರಿ. ಮಂದಿ ಡಬ್ಬಿ ಹಿಡಕೊಂಡು ನಿಂತಾರ. ನೀ ಹಾಡವಾ, ಅದರ ಪಾಡಿಗೆ ಅದು ತಿರಗತೈತಿ.”

ಗಿರಣಿ ಎಂದರೆ ಹಿಟ್ಟು ಬೀಸುವ ಯಂತ್ರ! ನೀವು ಕುಳಿತದ್ದು ಗಿರಣಿಯ ಹಿಂದಿನ ಕೋಣೆಯಲ್ಲಿ! ನಾನು ಎಷ್ಟು ನಕ್ಕೆನೆಂದರೆ ಮೇಲಿನ ಅಟ್ಟದವರು ಇಣುಕಿ ನೋಡಿದರು. ನಮ್ಮ ಗಿರಣಿ ವಾದಕರಿಗೆ ಇದನ್ನು ಇನ್ನೂ ಹೇಳಿಲ್ಲ. ಹೇಳುವ ಧೈರ್ಯ ಯಾರಿಗಿದೆ?

ಕೊನೆಯ ಹಾಡು ಮುಗಿಯಿತು. ನಮ್ಮ ಪ್ರತಿ ಅಲ್ಲಿಗೇ ನಿಲ್ಲುತ್ತದೆ. ಇದರಲ್ಲಿ ನಿಲ್ಲಲಿಲ್ಲ. ರೆಕಾರ್ಡು ಮಾಡುವ ರಾಜೇಸಾಬ ಯಂತ್ರ ಆರಿಸಲು ಮರೆತಿದ್ದ. ಗಿಟಾರನ್ನು ಚೀಲಕ್ಕೆ ಹಾಕುವ ಸದ್ದು ಕೇಳಿತು. ಕಾಶವ್ವ ಏನೋ ಕೈಗೆ ಕೊಟ್ಟಳು, ಬಟ್ಟೆಯ ಗಂಟು ಬಿಗಿಯುವ ಸದ್ದು.

“ಸಾಕಬೇ ಕಾಶವ್ವ, ರೊಟ್ಟಿ ಭಾಳ ಆದ್ವು. ಬರ್ತೀನಿ.”

“ಹೂಂ, ಬಾರವಾ.”

ನಾನು ಕಾದೆ. ನೀವು ಬರುತ್ತೇನೆ ಎಂದಿರಿ, ಅವಳು ಬಾ ಎಂದಳು, ಇನ್ನು ನೀವು ಹತ್ತಿರ ಬರಬೇಕು. ಆದರೆ ನಿಮ್ಮ ಚಪ್ಪಲಿಯ ಸದ್ದು ದೂರವಾಯಿತು. ಕದ ಕಿರುಗುಟ್ಟಿತು. ಹೊರಗೆ ನಾಯಿ ಬೊಗಳಿತು. ಮತ್ತೆ ಹಾಕಿದೆ. ಮತ್ತೆಯೂ ದೂರವೇ ಹೋದಿರಿ. ಆಮೇಲೆ ಫಕೀರಪ್ಪ ಎದ್ದ. “ನಾನೂ ಹೊಂಟ್ನಿಬೇ” ಎಂದ. ಕಾಶವ್ವ ಗದರಿದಳು:

“ಹೊಂಟ್ನಿ ಅನಬಾರ್ದೋ ಮೂಳ! ಬರ್ತೀನಿ ಅನ್ನು.”

“ತಪ್ಪಾತಬೇ. ಬರ್ತೀನಿ.”

ಅವನೂ ಹೊರಗೆ ಹೋದ.

ನಾನು ಹಾಡನ್ನು ಮೊದಲಿನಿಂದ ಬಾಯಿಯಲ್ಲೇ ಹೇಳಿಕೊಂಡೆ. ದೀಪ ಸಣ್ಣ ಮಾಡು, ಕದ ಮುಂದೆ ಮಾಡು ಎಂದರೆ ಎಳೆದು ಹಾಕಿಕೋ. ಬುತ್ತಿ ಕಟ್ಟಿದ್ದು ಸಾಕು. ಅಲ್ಲ, ಬರುವವಳಿಗೆ ಯಾರಾದರೂ ಬುತ್ತಿ ಕಟ್ಟುತ್ತಾರೆಯೇ? ಇಡೀ ಊರು, ತಲೆಮಾರುಗಟ್ಟಲೆ, ಒಬ್ಬರಿಗೂ ಹೊಳೆಯದೆ ಹೋಯಿತಲ್ಲ. ಅಮ್ಮನಿಗೆ ಹೊಳೆದಿತ್ತು. ಅವಳು ನನಗೆ ಮಾತು ಕೊಟ್ಟಿರಲಿಲ್ಲ, ಸುಳ್ಳೂ ಹೇಳಿರಲಿಲ್ಲ. ನಿಮ್ಮ ಹಾಗೆ ಹೇಳಿ ಹೋಗಿದ್ದಳು.

ನಮ್ಮಲ್ಲಿ ಕೆರೆದ ಹೆಸರಿಗೆ ಒಂದೇ ಸಲ ಮರುವಿಚಾರಣೆ. ಸೋತರೆ ಆ ಹೆಸರನ್ನು ಮತ್ತೆ ಯಾರೂ ಎತ್ತುವಂತಿಲ್ಲ. ಇದೊಂದೇ ಸದ್ದನ್ನು ನಂಬಿಕೊಂಡು ಕೇಳಲೋ ಬೇಡವೋ ಎಂದು ಬಹಳ ಹೆದರಿದೆ. ಕೊನೆಗೆ ಕೇಳಿದೆ. ಊರು ಬಾಗಿಲಿನ ಮುಂದೆ ಸೇರಿತು. ತಿಪ್ಪಣಯ್ಯನ ಗಡ್ಡ ಈಗ ಬೆಳ್ಳಗಾಗಿದೆ, ಕಿವಿಯೂ ಅಷ್ಟಕ್ಕಷ್ಟೆ. ಗಾಜಿನ ಹಲಗೆಯನ್ನು ಅವನ ಕಿವಿಗೇ ಹಿಡಿದೆ. ಮುಗಿದ ಮೇಲೆ ಇನ್ನೊಮ್ಮೆ ಎಂದು ಸನ್ನೆ ಮಾಡಿದ. ಆಮೇಲೆ ನೇರನುಡಿಯಲ್ಲಿ ಹೇಳಿದ, “ಮಾತು ಬರುತ್ತಿದೆ. ಹೆಜ್ಜೆ ಹೋಗುತ್ತಿದೆ. ಎರಡೂ ಒಬ್ಬಳವೇ.” ಕಲ್ಲಿನ ಕಡೆ ಕೈ ತೋರಿಸಿ, “ಹೊಳೆವ್ವ ಆಣೆ ಇಟ್ಟಿರಲಿಲ್ಲ. ಹೆಸರು ಕೆತ್ತಿರಿ” ಎಂದ.

ನಾನು ಗೆದ್ದೆ. ಮನೆಗೆ ಬಂದು ಒಲೆ ಹಚ್ಚಿದೆ. ಆಗ ಒಂದು ವಿಚಾರ ಹೊಳೆಯಿತು. ಸುಳ್ಳಿಯಾಗಿದ್ದಷ್ಟು ದಿನ ಅಮ್ಮ ನನಗೆ ಬರಬೇಕಾದವಳಾಗಿದ್ದಳು. ಎಷ್ಟೇ ತಡವಾದರೂ ಅವಳ ಮಾತು ಬಾಕಿ ಇತ್ತು. ಇವತ್ತು ನಾನೇ ಎದ್ದುನಿಂತು, ಊರೆದುರು, ಅವಳು ಬರಬೇಕಾಗಿಲ್ಲ ಎಂದು ಸಾಬೀತು ಮಾಡಿ ಬಂದಿದ್ದೆ. ಅಂದು ನನಗೆ ಅಳು ಬಂತು, ಅಕ್ಕಾರ. ಮೂಲೆಯಿಲ್ಲದ ಮನೆಯಲ್ಲಿ ನಡುವೆಯೇ ಕುಳಿತು ಅತ್ತೆ.

ಆದರೆ ಕಾಶವ್ವನ ಗದರಿಕೆ ನನ್ನನ್ನು ಬಿಡುತ್ತಿಲ್ಲ. ಹೋಗುವವನು ಹೊರಟೆ ಎಂದರೆ ಅದು ನಿಜವೇ ತಾನೆ? ನಿಜ ಹೇಳಿದವನನ್ನು ಅವಳು ಯಾಕೆ ಬೈದಳು? ಆಣೆಯಲ್ಲ, ಸುಳ್ಳಲ್ಲ, ಹಾಗಾದರೆ ಆ ಮಾತು ಏನು? ನೇರನುಡಿಯಲ್ಲಿ ಅದಕ್ಕೆ ಜಾಗವಿಲ್ಲ, ಹೆಸರೂ ಇಲ್ಲ. ಸೀಟಿನ ಮೇಲೆ ಹಾಕಿದ ಟವೆಲಿನಂಥದೇನೋ ಇರಬೇಕು ಎಂದು ಒಮ್ಮೊಮ್ಮೆ ಅನಿಸುತ್ತದೆ. ಬರುತ್ತಾರೋ ಇಲ್ಲವೋ, ಜಾಗವಂತೂ ಅವರದೇ. ನಾನು ತಿಳಿದದ್ದು ಸರಿಯೇ? ನಿಮ್ಮನ್ನು ಬಿಟ್ಟು ಯಾರನ್ನು ಕೇಳಲಿ?

ನಿನ್ನೆ ಉಪ್ಪಿನ ತಂಡ ಹೊರಟಿತು. ಎಲ್ಲರೂ ಅಭ್ಯಾಸದಂತೆ ‘ಹೋದೆ’ ಎಂದು ದಾಟಿದರು. ಕೊನೆಯಲ್ಲಿ ಮಾದಲೆ ಎಂಬ ಹೆಂಗಸು, ಮೂರನೆಯ ಕಂಬದವಳು, ಬಾಗಿಲಿನಲ್ಲಿ ನಿಂತಳು. ಆಮೇಲೆ ಗಟ್ಟಿಯಾಗಿ “ಬರ್ತೀನಿ” ಎಂದಳು. ತಿಪ್ಪಣಯ್ಯನ ಕೈ ಗುರುತು ಹಾಕಲು ಕಲ್ಲಿನ ಕಡೆ ಹೋಯಿತು. ಅಮ್ಮನ ಹೆಸರನ್ನು ಕೆರೆದದ್ದು ಅದೇ ಕೈ. ಅದು ಅಲ್ಲೇ ನಿಂತಿತು. ಮುದುಕ ಗಂಟಲು ಸರಿಮಾಡಿಕೊಂಡು, ಕಲ್ಲನ್ನೇ ನೋಡುತ್ತ, ಕಲಿತ ಪಾಠ ಒಪ್ಪಿಸುವವನ ಹಾಗೆ ಹೇಳಿದ:

“ಹೂಂ. ಬಾರವಾ.”

ನನ್ನ ಬೇಡಿಕೆ ಒಂದೇ. ಈ ಪತ್ರ ನಿಮಗೆ ಮುಟ್ಟುವುದೇ ಆದರೆ ರೆಕಾರ್ಡಿಂಗಿಗೆ ಮೊದಲು ಮುಟ್ಟಲಿ. ಆವತ್ತು ರಾಜೇಸಾಬ ಯಂತ್ರ ಆರಿಸಲು ಮರೆಯುತ್ತಾನೆ. ಅವನಿಗೆ ನೆನಪಿಸಬೇಡಿ. ಯಾರಾದರೂ ಬಂದು ನಡುವಿನ ಮಾತು ತೆಗೆದು ಚೊಕ್ಕ ಮಾಡೋಣ ಎಂದರೆ ಒಂದು ಪ್ರತಿಯನ್ನಾದರೂ ಹಾಗೇ ಇಡಿ. ಹೊರಡುವಾಗ ಸ್ವಲ್ಪ ಕಾಲೆಳೆದು ನಡೆಯಿರಿ, ಇಲ್ಲಿಯವರೆಗೆ ಕೇಳಿಸಬೇಕು. ಕಾಶವ್ವನ ರೊಟ್ಟಿ ಇನ್ನೂ ಎರಡು ಹೆಚ್ಚಿಗೆ ಕಟ್ಟಿಸಿಕೊಳ್ಳಿ.

ಪತ್ರದ ಕೊನೆಗೆ ‘ಹೋದೆ’ ಎಂದು ಬರೆದು ಹೆಸರು ಹಾಕುವುದು ಆಲಿಗರ ರೂಢಿ. ನಾನು ಹೊಂಡಕ್ಕೆ ಇಳಿದು ಇದನ್ನು ಇಟ್ಟು ಮೇಲೆ ಹತ್ತಬೇಕು, ಹೊತ್ತಾಗುತ್ತಿದೆ. ದೀಪ ಸಣ್ಣದು ಮಾಡಿದ್ದೇನೆ.

ಬರ್ತೀನಿ, ಅಕ್ಕಾರ.

ಹುಲಿಗಿ
ಹೊಳೆವ್ವನ ಮಗಳು